ಒಂದೇ ಕೈಯ ಊಟ

ಮುತ್ತಕ್ಕ ಕೊಟ್ಟ ಕಾಫಿಯನ್ನು ನಂಜಮ್ಮ ಮೊದಲ ಸಲ ಬಚ್ಚಲಿಗೆ ಸುರಿದದ್ದು ಒಂದು ಮಂಗಳವಾರ ಬೆಳಿಗ್ಗೆ. ಸುರಿದು, ಲೋಟಕ್ಕೆ ನೀರು ಹಾಕಿ ತೊಳೆದು, ಕುಡಿದವಳ ಹಾಗೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅಡುಗೆಮನೆಗೆ ತಂದಿಟ್ಟಳು. ಮುತ್ತಕ್ಕ ಒಲೆ ಮುಂದಿನಿಂದ ತಲೆಯೆತ್ತಿ, "ಸಕ್ಕರೆ ಸರಿ ಇತ್ತಾ ನಂಜು?" ಎಂದು ಕೇಳಿದಳು. "ಸರಿ ಇತ್ತಕ್ಕ" ಎಂದಳು ನಂಜಮ್ಮ. ಅಷ್ಟು ಸಲೀಸಾಗಿ ಸುಳ್ಳು ಹೇಳಲು ತನಗೆ ಬರುತ್ತದೆ ಎಂದು ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಇಷ್ಟಕ್ಕೆಲ್ಲ ಮೂಲ ಅವಳ ಗಂಡ ರುದ್ರಪ್ಪನವರ ಹೊಟ್ಟೆ. ಮೂಡಿಗೆರೆ ಸೀಮೆಯಲ್ಲಿ ರುದ್ರಪ್ಪನವರ ತೋಟ ಗೊತ್ತಿಲ್ಲದವರು ಇದ್ದರೂ ಇದ್ದಾರು, ಅವರ ಹೊಟ್ಟೆ ಗೊತ್ತಿಲ್ಲದವರು ಇರಲಿಲ್ಲ. ಉಂಡದ್ದು ಅರಗುವುದಿಲ್ಲ, ಹುಳಿತೇಗು, ಎದೆಯುರಿ, ಮಧ್ಯಾಹ್ನದ ಊಟ ಸಂಜೆಯಾದರೂ ಎದೆಯ ಹತ್ತಿರವೇ ನಿಂತಿರುತ್ತದೆ. ಮದುವೆಮನೆಗೆ ಹೋದರೆ ಹೊಟ್ಟೆಯ ಸಮಾಚಾರ ಮೊದಲು, ಕಾಫಿ ರೇಟಿನ ಸಮಾಚಾರ ಆಮೇಲೆ. ಚಿಕ್ಕಮಗಳೂರಿನ ಡಾಕ್ಟರು ಬಾಯೊಳಗೆ ಪೈಪು ಬಿಟ್ಟು ನೋಡಿ, ಹೆದರುವಂಥದ್ದು ಏನಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಿ, ಖಾರ ಬಿಡಿ, ಬರೀ ಹೊಟ್ಟೆಗೆ ಕಾಫಿ ಬಿಡಿ ಎಂದರು. ಕಾಫಿ ಬೆಳೆಯುವವನಿಗೆ ಕಾಫಿ ಬಿಡು ಅನ್ನುವವನು ಎಂಥ ಡಾಕ್ಟರು ಎಂದು ಬೈದುಕೊಂಡು ರುದ್ರಪ್ಪನವರು ವಾಪಸು ಬರುವ ದಾರಿಯಲ್ಲೇ ಜೀಪು ನಿಲ್ಲಿಸಿ ಕಾಫಿ ಕುಡಿದರು. ಮಾತ್ರೆಗಳು ಕಪಾಟಿನಲ್ಲಿ ಉಳಿದವು, ನೋವು ಹೊಟ್ಟೆಯಲ್ಲಿ ಉಳಿಯಿತು.

ಹೀಗೆ ವರ್ಷಗಟ್ಟಲೆ ನರಳಿದ ಮೇಲೆ ನೆಂಟರ ಪೈಕಿ ಗಂಗಾಧರಪ್ಪನವರು ಬಂದು ಜಗಲಿಯಲ್ಲಿ ಕೂತು ತೀರ್ಪು ಕೊಟ್ಟರು. "ಇದು ಗ್ಯಾಸ್ಟ್ರಿಕ್ಕೂ ಅಲ್ಲ, ಮಣ್ಣೂ ಅಲ್ಲ ಮಾರಾಯ. ಯಾರೋ ನಿಂಗೆ ಮದ್ದು ಹಾಕಿದಾರೆ."

ಮದ್ದು ಹಾಕುವುದೆಂದರೆ ಏನೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಆಗದವರು ಅನ್ನದಲ್ಲೋ ಕಾಫಿಯಲ್ಲೋ ಏನನ್ನೋ ಕಲಸಿ ಕೊಡುತ್ತಾರಂತೆ. ಅದು ಕರಗದೆ ಹೊಟ್ಟೆಯ ಗೋಡೆಗೆ ಅಂಟಿಕೊಂಡು ಕೂರುತ್ತದಂತೆ. ಮನುಷ್ಯ ಸಾಯುವುದಿಲ್ಲ, ಸವೆಯುತ್ತಾನೆ. ಕೊಟ್ಟವರು ಯಾರೋ ಪರಸ್ಥಳದವರಾಗಿರುವುದಿಲ್ಲ, ದಿನಾ ಉಣಿಸುವವರೇ ಆಗಿರುತ್ತಾರೆ. ಇದನ್ನು ನಂಬುವುದಿಲ್ಲ ಎಂದು ಬಾಯಲ್ಲಿ ಹೇಳುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಅನುಮಾನವಿದ್ದ ಮನೆಯಲ್ಲಿ ಕೊಟ್ಟ ಮಜ್ಜಿಗೆಯನ್ನು ಗಟಗಟ ಕುಡಿದವರನ್ನು ಮಾತ್ರ ನೋಡಿಲ್ಲ.

ಮದ್ದು ತೆಗೆಯುವವನು ಸಂಸೆಯಿಂದ ಮೇಲೆ ಇದ್ದ ಮಂಜಯ್ಯ. ತೊಂಬತ್ತನಾಲ್ಕನೇ ಇಸವಿ, ಕಾಫಿ ಕೊಯ್ಲು ಮುಗಿದಿತ್ತು. ಗಂಡ ಹೆಂಡತಿ ಕಳಸದಲ್ಲಿ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಮಂಜಯ್ಯನ ಅಂಗಳ ಮುಟ್ಟಿದರು. ಅವನು ಹೆಚ್ಚು ಮಾತಿನವನಲ್ಲ. ನಾಡಿ ಹಿಡಿದ, ಹೊಟ್ಟೆ ಒತ್ತಿದ, ಒಳಗೆ ಹೋಗಿ ಏನೋ ಸೊಪ್ಪು ಹಿಂಡಿದ ಹಸಿರು ನೀರನ್ನು ದೊಡ್ಡ ಲೋಟದಲ್ಲಿ ತಂದು ಕುಡಿಸಿದ. ಎಳೆಬಿಸಿಲಿಗೆ ಕೂರಿಸಿ ಸುಮಾರು ಹೊತ್ತು ಬಿಟ್ಟು, ಯಾವುದೋ ಕಾಯಿ ಅರೆದ ನೀರು ಕೊಟ್ಟ. ಅದು ಗಂಟಲಿಳಿದದ್ದೇ ತಡ, ರುದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ಬಗ್ಗಿದರು.

ಬಿದ್ದದ್ದನ್ನು ಮಂಜಯ್ಯ ಬಾಳೆಲೆಯ ಮೇಲೆ ಎತ್ತಿ ತೋರಿಸಿದ. ಗಾಢ ಹಸಿರು, ಹಿಡಿಯಷ್ಟು ಗಾತ್ರ, ಗಟ್ಟಿ ಮೊಸರಿನ ಹಾಗೆ ತುಂಡು ತುಂಡಾಗಿ ನಡುಗುತ್ತಿತ್ತು. ನಂಜಮ್ಮ ಬಗ್ಗಿ ಕಣ್ಣಿಟ್ಟು ನೋಡಿದಳು. ಅಂಥ ವಸ್ತುವನ್ನು ಗಂಡ ಯಾವತ್ತೂ ತಿಂದದ್ದಿಲ್ಲ. ಹಾಗಾದರೆ ಒಳಗೆ ಹೋದದ್ದು ಹೇಗೆ?

"ಯಾರು ಹಾಕಿದ್ದು ಮಂಜಯ್ಯ?" ಎಂದಳು.

"ಹೆಸರು ನಾನು ಹೇಳಲ್ಲ ಅಮ್ಮಾ. ಹೊರಗೆ ಬಂತಲ್ಲ, ಇನ್ನು ಹೆದರಿಕೆ ಇಲ್ಲ" ಎಂದು ಮಂಜಯ್ಯ ಎಲೆಯನ್ನು ಮಡಿಸಿ ದೂರ ಎಸೆದು ಬಂದ. ದಿನಾ ಬೆಳಿಗ್ಗೆ ಮಜ್ಜಿಗೆಯಲ್ಲಿ ತೇಯ್ದು ಕುಡಿಯಲು ಬಳ್ಳಿಯ ಬೇರು ಕಟ್ಟಿಕೊಟ್ಟ. ಕೊನೆಗೆ ಪಥ್ಯ ಹೇಳಿದ. "ಒಂದು ಮಂಡಲ, ನಲವತ್ತೆಂಟು ದಿನ, ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ. ಕಾಫಿ ಇಲ್ಲ, ಮೆಣಸಿನಕಾಯಿ ಇಲ್ಲ. ಹೊತ್ತು ತಪ್ಪಬಾರದು. ಇನ್ನೊಂದು, ಒಂದೇ ಕೈಯ ಊಟ. ನೀವೇ ಬೇಯಿಸಿ, ನೀವೇ ಬಡಿಸಿ."

ಒಂದೇ ಕೈ. ಆ ಮಾತು ನಂಜಮ್ಮನ ತಲೆಯಲ್ಲಿ ನಾಟಿಕೊಂಡು ಕೂತಿತು. ಜೀಪು ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಅವಳು ಇನ್ನೊಂದು ಕೈ ಯಾರದೆಂದು ಲೆಕ್ಕ ಹಾಕಿ ಮುಗಿಸಿದ್ದಳು.

ಆ ಮನೆಯಲ್ಲಿ ಇನ್ನೊಂದು ಕೈ ಇದ್ದದ್ದು ಮುತ್ತಕ್ಕನದು ಮಾತ್ರ. ರುದ್ರಪ್ಪನವರ ದಾಯಾದಿ ಅಣ್ಣನ ಹೆಂಡತಿ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ, ಮಕ್ಕಳಿಲ್ಲ. ಈ ಮನೆಗೆ ಬಂದು ಒಲೆ ಮುಂದೆ ಕೂತವಳು ಅಲ್ಲಿಂದ ಎದ್ದಿರಲಿಲ್ಲ. ನಂಜಮ್ಮ ಮದುವೆಯಾಗಿ ಬಂದಾಗ ಅಕ್ಕಿರೊಟ್ಟಿ ತಟ್ಟಲು ಕಲಿಸಿದ್ದು ಅವಳು. ನಂಜಮ್ಮನ ಬಾಣಂತನಗಳನ್ನು ಮಾಡಿದ್ದು ಅವಳು. ಹಡೆದ ತಾಯಿಗಿಂತ ಹೆಚ್ಚಾಗಿ ಅವಳನ್ನು ನಂಬಿದ್ದಳು ನಂಜಮ್ಮ. ಹಾಗಿದ್ದರೂ, ನಿಜ ಹೇಳಬೇಕೆಂದರೆ, ಅನುಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಕ್ಕಳಿಲ್ಲದವಳು, ತುಂಬಿದ ಮನೆ ನೋಡಿ ಹೊಟ್ಟೆ ಉರಿದಿರಬಹುದು ಎಂದು ಗಂಗಾಧರಪ್ಪನವರ ಹೆಂಡತಿ ಫೋನಿನಲ್ಲಿ ಅಂದರು. ನಂಜಮ್ಮ ಛೆ ಎನ್ನಲಿಲ್ಲ.

ಪಥ್ಯ ಹಿಡಿಯಿತು. ಹಿಡಿಯದೆ ಏನು? ಜನ್ಮದಲ್ಲಿ ಮೊದಲ ಸಲ ರುದ್ರಪ್ಪನವರು ಹೊತ್ತಿಗೆ ಸರಿಯಾಗಿ ಉಂಡರು, ಬೇರಿನ ಮಜ್ಜಿಗೆ ಕುಡಿದರು, ಕಾಫಿ ಬಿಟ್ಟರು. ತೇಗು ನಿಂತಿತು, ಉರಿ ಹೋಯಿತು, ಮುಖಕ್ಕೆ ರಕ್ತ ಬಂತು. ಔಷಧಿ ನಿಜ, ಗುಣವಾದದ್ದೂ ನಿಜ. ಆ ನಿಜದ ಬಾಲ ಹಿಡಿದುಕೊಂಡು ಸುಳ್ಳೂ ಮನೆಯೊಳಗೆ ಬಂದು ಕೂತಿತು. ಮುತ್ತಕ್ಕನ ಕೈ ತಪ್ಪಿದ ಮೇಲೆ ಗುಣವಾಯಿತಲ್ಲ, ಇನ್ನೇನು ಸಾಕ್ಷಿ ಬೇಕು?

ಯಾರೂ ಅವಳನ್ನು ಏನೂ ಕೇಳಲಿಲ್ಲ. ಅದು ಈ ಕಡೆಯ ರೀತಿ. ಮದ್ದಿನ ಅನುಮಾನ ಬಂದವರನ್ನು ಬೈಯುವುದಿಲ್ಲ, ಬಡಿಯುವುದಿಲ್ಲ. ಅವರ ಕೈಯಲ್ಲಿ ತಿನ್ನುವುದನ್ನು ಬಿಡುತ್ತಾರೆ, ಅಷ್ಟೇ. ಮುತ್ತಕ್ಕ ಕೊಟ್ಟದ್ದು ಬಚ್ಚಲಿಗೆ ಹೋಗುತ್ತಿತ್ತು, ಬಾಳೆಬುಡಕ್ಕೆ ಹೋಗುತ್ತಿತ್ತು. ರುದ್ರಪ್ಪನವರು ಒಂದು ದಿನ ಮಾತ್ರ, "ಅತ್ತಿಗೆ ಹಂಗೆ ಮಾಡೋರಲ್ಲ ಕಣೇ" ಎಂದರು. "ಹಂಗಾದ್ರೆ ಅವರ ಕೈಯಲ್ಲಿ ಉಣ್ಣಿ ನೋಡೋಣ" ಎಂದಳು ನಂಜಮ್ಮ. ಅವರು ಎದ್ದು ಕಾಫಿ ಒಣಹಾಕುವ ಡ್ರೈಯಿಂಗ್ ಯಾರ್ಡಿನ ಕಡೆ ಹೋದರು.

ಮಂಡಲ ಮುಗಿದ ದಿನ ಮುತ್ತಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. "ಪಥ್ಯ ಮುಗೀತಲ್ಲ ನಂಜು. ನಾಳೆಯಿಂದ ರುದ್ರಪ್ಪಂಗೆ ನಾನೇ ಬೇಯಿಸ್ಲಾ?"

"ಇರಲಿ ಅಕ್ಕ. ನಂಗೇ ರೂಢಿಯಾಗಿದೆ."

ಮುತ್ತಕ್ಕ ಅವಳ ಮುಖವನ್ನೇ ನೋಡಿದಳು. ಬಾಳೆಬುಡದಲ್ಲಿ ಚೆಲ್ಲಿದ್ದ ಅನ್ನವನ್ನು ಅವಳು ಎಷ್ಟು ದಿನದಿಂದ ನೋಡುತ್ತಿದ್ದಳೋ ಯಾರಿಗೆ ಗೊತ್ತು. "ನನ್ನ ಕೈ ಒಳ್ಳೇದು ಅಂತ ತಿಳ್ಕೊಂಡಿದ್ದೆ" ಎಂದಳು, ಅಷ್ಟೇ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಟ್ರಂಕು ಹೊತ್ತುಕೊಂಡು ವಸ್ತಾರೆಯಲ್ಲಿದ್ದ ತಂಗಿಯ ಮಗನ ಮನೆಗೆ ಹೊರಟುಹೋದಳು. ನಂಜಮ್ಮ ಗೇಟಿನ ತನಕ ಬಂದಳು, ಇರಿ ಎನ್ನಲಿಲ್ಲ. ಅವತ್ತು ಅವಳಿಗೆ ಆದದ್ದು ದುಃಖವಲ್ಲ, ನಿರಾಳ. ಮುಂದೆ ವರ್ಷಗಟ್ಟಲೆ ಅವಳನ್ನು ಕೊರೆದದ್ದು ಆ ನಿರಾಳವೇ.

ಎರಡು ಸಾವಿರದ ಮೂರರ ಹೊತ್ತಿಗೆ ನಂಜಮ್ಮನಿಗೇ ಹೊಟ್ಟೆ ಹಿಡಿಯಿತು. ಅದೇ ತೇಗು, ಅದೇ ಉರಿ. ಅವಳಿಗೆ ಅವಳೇ ಬೇಯಿಸಿಕೊಂಡು ಉಣ್ಣುತ್ತಿದ್ದಳು, ಬೇರೆ ಕೈ ಎಂಬುದು ಆ ಮನೆಯಲ್ಲಿ ಇರಲೇ ಇಲ್ಲ. ಹಾಗಾದರೆ ಇದನ್ನು ಹಾಕಿದ್ದು ಯಾರು? ಈ ಪ್ರಶ್ನೆ ಬಂದಾಗಲೆಲ್ಲ ಅವಳು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಕಡೆಗೆ ಅವಳಿಗೆ ತಡೆಯಲಾರದಂತಾದಾಗ ರುದ್ರಪ್ಪನವರು ಜೀಪು ಓಡಿಸಿಕೊಂಡು ಅವಳನ್ನು ಸಂಸೆಗೆ ಕರೆದುಕೊಂಡು ಹೋದರು.

ಮಂಜಯ್ಯ ತೀರಿಕೊಂಡಿದ್ದ. ಔಷಧಿ ಕೊಡುತ್ತಿದ್ದವಳು ಅವನ ಸೊಸೆ ಭವ್ಯಾ, ಮಾತುಗಾರ್ತಿ. ಬೇಲಿಯ ಮೇಲೆ ಹಬ್ಬಿದ್ದ ಬಳ್ಳಿಯಿಂದ ಎಲೆ ಕಿತ್ತು ತಂದು, ನಂಜಮ್ಮನ ಎದುರಿಗೇ ಪಾತ್ರೆಯ ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ಬದಿಗಿಟ್ಟಳು. "ಹಾಡೆ ಬಳ್ಳಿ ಅಮ್ಮಾ. ಅಜೀರ್ಣಕ್ಕೆ ಇದಕ್ಕಿಂತ ಒಳ್ಳೇದಿಲ್ಲ, ಹೊಟ್ಟೆಗೆ ತಂಪು. ಸ್ವಲ್ಪ ಹೊತ್ತು ಇರಲಿ."

ಭವ್ಯಾ ಮಳೆ, ಮೆಣಸು, ಮಗಳ ಸ್ಕೂಲು ಎಂದು ಮಾತಾಡಿದಳು. ಮಾತು ಮುಗಿಸಿ ಪಾತ್ರೆಯನ್ನು ಬಾಳೆಲೆಯ ಮೇಲೆ ಬೋರಲು ಹಾಕಿದಳು. ನೀರು ಬೀಳಲಿಲ್ಲ. ಗಾಢ ಹಸಿರಿನ ಒಂದು ಗಟ್ಟಿ ಜಾರಿ ಬಿದ್ದು, ಎಲೆಯ ಮೇಲೆ ಕೂತು ನಡುಗತೊಡಗಿತು.

ನಂಜಮ್ಮ ಎಲೆಯ ಹತ್ತಿರಕ್ಕೆ ಬಗ್ಗಿದಳು. "ಇದು... ಇದೇನಿದು?"

"ಔಷಧಿನೇ ಅಮ್ಮಾ. ಹಾಡೆ ಬಳ್ಳಿ ರಸ ಇಟ್ರೆ ಹಿಂಗೇ ಹೆಪ್ಪಾಗ್ತದೆ. ಚೂರು ಬೆಲ್ಲ ಹಾಕಿ ತಿನ್ನಿ."

"ಹೊಟ್ಟೆ ಒಳಗೆ ಹೋದ್ರೂ ಹೆಪ್ಪಾಗ್ತದಾ?"

"ಆಗ್ತದೆ. ಮಾವ ಇರೋವಾಗ ನೀರಾಗಿರೋವಾಗ್ಲೇ ಕುಡಿಸಿ ಆಮೇಲೆ ವಾಂತಿ ಮಾಡಿಸ್ತಿದ್ರು." ಭವ್ಯಾ ದನಿ ಇಳಿಸಿದಳು. "ಬಂದೋರಿಗೆ ಏನಾದ್ರೂ ಹೊರಗೆ ಬೀಳಲೇಬೇಕು ಅಮ್ಮಾ. ಬೀಳದಿದ್ರೆ ಈ ಮಂಜಯ್ಯಂಗೆ ಏನೂ ಬರಲ್ಲ ಅಂತ ಹೋಗ್ತಿದ್ರು, ಬೇರಿನ ಔಷಧಿನೂ ಕುಡೀತಿರಲಿಲ್ಲ, ಪಥ್ಯನೂ ಮಾಡ್ತಿರಲಿಲ್ಲ. ನಂಗೆ ಅದು ಸರಿ ಕಾಣಲಿಲ್ಲ. ನಾನು ಬಿಟ್ಟುಬಿಟ್ಟೆ."

ನಂಜಮ್ಮ ಔಷಧಿಯನ್ನು ಎಲೆಯ ಮೇಲೆ ಹಾಗೇ ಬಿಟ್ಟು ಎದ್ದಳು. ಜೀಪಿನ ಹತ್ತಿರ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ರುದ್ರಪ್ಪನವರು ಜೀಪು ಹೊರಡಿಸಿದರು. ಮನೆಯ ದಾರಿ ಬಂದಾಗ ಜೀಪು ತಿರುಗಲಿಲ್ಲ, ಚಿಕ್ಕಮಗಳೂರು ರಸ್ತೆ ಹಿಡಿಯಿತು. ಎಲ್ಲಿಗೆ ಎಂದು ಅವಳಿಗೆ ಗೊತ್ತಾಯಿತು.

ವಸ್ತಾರೆಯಲ್ಲಿ ಬಾಗಿಲು ತೆಗೆದವಳು ಮುತ್ತಕ್ಕನ ತಂಗಿಯ ಸೊಸೆ ಶಾಲಿನಿ. ಒಳಗಿನಿಂದ ಮುತ್ತಕ್ಕ ಬಂದಳು. ಬೆನ್ನು ಬಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೋಡಿದವಳೇ, "ಬನ್ನಿ, ಕೂತ್ಕೊಳ್ಳಿ" ಎಂದಳು, ನಿನ್ನೆ ತಾನೆ ಬಂದು ಹೋದವರಿಗೆ ಹೇಳುವ ಹಾಗೆ.

ನಂಜಮ್ಮ ಕೂರಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನಂದು ತಪ್ಪಾಯ್ತು. ನಂಗೂ ಹೊಟ್ಟೆ ಕೆಟ್ಟು ಸಂಸೆಗೆ ಹೋಗಿದ್ವಿ, ಅಲ್ಲಿ ತಿಳೀತು. ಅವತ್ತು ಇವರಿಗೆ ಬಿದ್ದದ್ದು ಔಷಧಿನೇ ಆಗಿತ್ತು. ನಾನು ನಿಮ್ಮನ್ನ..." ಮುಂದಿನದು ಅಳುವಿನಲ್ಲಿ ಹೋಯಿತು.

ಮುತ್ತಕ್ಕ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. "ರುದ್ರಪ್ಪನ ಹೊಟ್ಟೆ ಈಗ ಹೆಂಗಿದೆ?" ಎಂದು ಕೇಳಿದಳು.

"ಚೆನ್ನಾಗಿದೆ ಅತ್ತಿಗೆ" ಎಂದರು ರುದ್ರಪ್ಪನವರು, ನೆಲ ನೋಡುತ್ತಾ.

"ಅಷ್ಟು ಸಾಕು. ಕೂತಿರಿ, ಕಾಫಿ ತರ್ತೀನಿ."

ಕಾಫಿ ಬಂತು. ಪಾತ್ರೆಯ ಜೊತೆ ಲೋಟಗಳು, ಪಕ್ಕದಲ್ಲಿ ಒಂದು ಪುಟ್ಟ ಲೋಟ. ಮುತ್ತಕ್ಕ ಮೊದಲು ಪುಟ್ಟ ಲೋಟಕ್ಕೆ ಒಂದು ಗುಟುಕು ಬಗ್ಗಿಸಿ, ಅವರೆದುರಿಗೆ ನಿಂತು ಕುಡಿದಳು. ಕುಡಿದು ಒಂದು ಗಳಿಗೆ ಹಾಗೇ ನಿಂತಿದ್ದಳು. ಆಮೇಲೆ ಅವರಿಬ್ಬರಿಗೂ ಹಾಕಿಕೊಟ್ಟಳು.

ಶಾಲಿನಿ ನಕ್ಕಳು. "ದೊಡ್ಡಮ್ಮ ಯಾವಾಗ್ಲೂ ಹಿಂಗೇ. ಮಕ್ಕಳಿಗೆ ಅನ್ನ ಕಲಸಿದ್ರೂ ಮೊದಲ ತುತ್ತು ಅವರೇ ತಿಂತಾರೆ. ಉಪ್ಪು ನೋಡ್ತಾರೆ ಅನ್ಸತ್ತೆ."

ನಂಜಮ್ಮನಿಗೆ ತಿಳಿಯಿತು. ಉಪ್ಪು ನೋಡುವುದಾಗಿದ್ದರೆ ತಮ್ಮ ಮನೆಯಲ್ಲಿದ್ದ ಅಷ್ಟು ವರ್ಷ ಯಾಕೆ ನೋಡಿರಲಿಲ್ಲ? ಬಿಸಿ ಕಾಫಿಯನ್ನು ಅವಳು ಒಂದೇ ಉಸಿರಿಗೆ ಕುಡಿದಳು. ನಾಲಿಗೆ ಸುಟ್ಟಿತು, ಸುಡಲಿ ಎಂದುಕೊಂಡಳು. ಖಾಲಿ ಲೋಟ ಮುಂದೆ ಚಾಚಿ, "ಇನ್ನೊಂಚೂರು ಹಾಕಿ ಅಕ್ಕ. ನಂಗೆ ನಿಮ್ಮ ಕೈಯದೇ ಬೇಕು" ಎಂದಳು.

ಮುತ್ತಕ್ಕನ ಮುಖದಲ್ಲಿ ನಗುವಿನಂಥದ್ದೇನೋ ಬಂತು. "ಹೊಟ್ಟೆ ಸರಿ ಇಲ್ಲ ಅಂತೀಯ, ಎಷ್ಟು ಕುಡೀತೀಯ ನಂಜು" ಎಂದು ಪಾತ್ರೆ ಎತ್ತಿದಳು. ಎತ್ತಿದ ಕೈ ನಂಜಮ್ಮನ ಲೋಟದ ಕಡೆ ಬರಲಿಲ್ಲ. ತಾನಾಗಿಯೇ ಪುಟ್ಟ ಲೋಟದ ಕಡೆ ಹೋಗಿ ಒಂದು ಗುಟುಕು ಬಗ್ಗಿಸಿತು. ಮುತ್ತಕ್ಕ ಅದನ್ನು ಕುಡಿದು, ಬಾಯಿ ಒರೆಸಿಕೊಂಡು, ನಂಜಮ್ಮನ ಲೋಟಕ್ಕೆ ಕಾಫಿ ಹಾಕಿದಳು.