ಏಳನೆಯ ಕೈ

“ಪಟ್ಟೀಲಿ ಅವಳ ಹೆಸರಿಲ್ಲ ಅಂದ್ರೆ ಏನರ್ಥ?” ಎಂದು ಸಿರಿಲ್ ಓಡ್ಲಿಂಗ್ ಎರಡನೆಯ ಸಲ ಕೇಳಿದ.

ಐರಿಸ್ ಮಾಲ್ಟ್‌ಬಿ ಒಲೆಯ ಉರಿ ಸಣ್ಣದು ಮಾಡಿದಳು. ಕೆಟಲಿನಲ್ಲಿ ನೀರು ಇನ್ನೂ ಕುದಿ ಬಂದಿರಲಿಲ್ಲ. ಅವನಿಗೆ ಬೆನ್ನು ಹಾಕಿ ನಿಲ್ಲಲು ಅದೊಂದು ನೆಪ. ಸಿರಿಲ್ ಕೋಟಿನ ಗುಂಡಿ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ವಯಸ್ಸು ಎಪ್ಪತ್ತೊಂಬತ್ತು. ಅಗಲವಾದ ಎರಡು ಕೈಗಳನ್ನೂ ಬೇರೆ ಯಾರದೋ ಸಾಮಾನು ಎಂಬಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಅವನ ಹೆಂಡತಿ ಎಡ್ನಾ ಹಿಂದಿನ ದಿನ ಬೆಳಿಗ್ಗೆ, ಹನ್ನೊಂದು ಮೈಲಿ ದೂರದ ಪೇಟೆಯ ವೃದ್ಧಾಶ್ರಮದಲ್ಲಿ ತೀರಿಕೊಂಡಿದ್ದಳು.

“ಮತದಾರರ ಪಟ್ಟಿ, ಸಿರಿಲ್. ನಮ್ಮೂರ ಪಟ್ಟೀಲಿ ಹೆಸರಿರೋರಿಗೆ ಮಾತ್ರ ನಮ್ಮ ಸ್ಮಶಾನದಲ್ಲಿ ಜಾಗ. ಎರಡು ವರ್ಷದ ಹಿಂದೆ ಪಂಚಾಯಿತೀಲಿ ಹಾಗಂತ ಠರಾವು ಆಗಿದೆ.”

“ಗೊತ್ತು. ಆ ಗಿರಣಿ ಮನೆಯೋರ ಗಲಾಟೇಲಿ ಮಾಡಿದ್ದು. ಅದಕ್ಕೂ ಎಡ್ನಾಗೂ ಏನು ಸಂಬಂಧ?”

“ಅವಳ ಹೆಸರು ಈಗ ಪೇಟೆ ಪಟ್ಟೀಲಿದೆ.”

“ಯಾರು ಹಾಕಿದ್ದು ಅಲ್ಲಿ?”

ಐರಿಸ್ ತಿರುಗಿದಳು. “ನಾನೇ. ಆ ಫಾರಮ್ಮೆಲ್ಲ ತುಂಬಿಕೊಟ್ಟೆನಲ್ಲ, ಅವಳನ್ನ ಅಲ್ಲಿಗೆ ಸೇರಿಸಿದ ವಾರ.”

ಸಿರಿಲ್ ತಲೆ ಆಡಿಸಿದ. ಅಕ್ಷರ ಅವನಿಗೆ ಚೆನ್ನಾಗಿ ಹತ್ತಿರಲಿಲ್ಲ. ಮನೆಗೆ ಬಂದ ಕಾಗದಗಳನ್ನೆಲ್ಲ ಎಡ್ನಾ ಓದುತ್ತಿದ್ದಳು. ಎಡ್ನಾ ಮರೆವು ಹಿಡಿದು ಓದಿದ್ದನ್ನೇ ಮತ್ತೆ ಮತ್ತೆ ಓದತೊಡಗಿದ ಮೇಲೆ, ಅವುಗಳನ್ನು ಐರಿಸಳ ಮನೆಗೆ ತರುತ್ತಿದ್ದ. ಐರಿಸ್ ಮತ್ತು ಎಡ್ನಾ ಊರ ಶಾಲೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಹಂಡೆಗೆ ಸೌಟು ಹಾಕಿದವರು. ಆ ಫಾರಮ್ಮನ್ನು ಇದೇ ಮೇಜಿನ ಮೇಲೆ, ತನ್ನ ದುಂಡನೆಯ ಅಕ್ಷರದಲ್ಲಿ, ಒಂದು ಚಿತ್ತೂ ಕಾಟೂ ಇಲ್ಲದ ಹಾಗೆ ತುಂಬಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ವಿಳಾಸ ಬದಲಾದ ಮೇಲೆ ಓಟೂ ಅಲ್ಲಿಗೇ ಹೋಗಬೇಕು, ಎಲ್ಲ ಕ್ರಮವಾಗಿರಲಿ ಎಂದು ಅವಳೇ ಹೇಳಿದ್ದಳು.

“ಹಾಗಾದ್ರೆ ನೀನೇ ವಾಪಸ್ ಹಾಕು,” ಎಂದ ಸಿರಿಲ್.

“ಸತ್ತ ಮೇಲೆ ಹಾಕೋಕೆ ಬರಲ್ಲ. ಬುಧವಾರ ವಿಶೇಷ ಸಭೆ ಕರೀತೀನಿ. ಎಲ್ಲರೂ ನಮ್ಮೋರೇ. ಆಗುತ್ತೆ, ಸಿರಿಲ್.”

ಅವನು ಚಹಾ ಕುಡಿಯದೆ ಎದ್ದ. ಬಾಗಿಲಲ್ಲಿ ನಿಂತು, “ಪಶ್ಚಿಮದ ಗೋಡೆ ಪಕ್ಕ ಜಾಗ ನೋಡಿಟ್ಟಿದೀನಿ. ಅಲ್ಲಿ ಮಣ್ಣು ಒಳ್ಳೇದು, ನೀರು ನಿಲ್ಲಲ್ಲ,” ಎಂದ. ಜಾಗ ಸಿಕ್ಕೇ ಬಿಟ್ಟಿತು ಎಂಬಂತಿತ್ತು ಅವನ ದನಿ.

ಮಣ್ಣಿನ ವಿಷಯ ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ಈ ವೆಲ್ಡರ್ಬಿ ಊರಿನಲ್ಲಿ ನಲವತ್ತೊಂದು ವರ್ಷ ಗೋರಿ ತೋಡಿದವನು ಅವನು. ಗುದ್ದಲಿ ಎತ್ತಲು ಸೊಂಟ ಒಪ್ಪದಾದ ಮೇಲೂ ಸ್ಮಶಾನದ ಹುಲ್ಲು ಕತ್ತರಿಸುವ ಕೆಲಸ ಬಿಟ್ಟಿರಲಿಲ್ಲ.

ಗಿರಣಿ ಮನೆಯ ಗಲಾಟೆ ನಡೆದದ್ದು ಹೀಗೆ. ಹಾಲ್ಡೇನ್ ಎಂಬ ಲಂಡನ್ನಿನ ವಕೀಲ ಹಳೆಯ ಹಿಟ್ಟಿನ ಗಿರಣಿ ಕೊಂಡು ಮನೆ ಮಾಡಿಸಿದ್ದ. ಶನಿವಾರ ಭಾನುವಾರ ಬಂದು ಹೋಗುತ್ತಿದ್ದ. ಅವನ ಮುದಿ ತಾಯಿ ಮಾತ್ರ ಬೇಸಿಗೆಯುದ್ದಕ್ಕೂ ಇಲ್ಲೇ ಇರುತ್ತಿದ್ದಳು. ಆಕೆ ಸತ್ತಾಗ ಇಲ್ಲೇ ಮಣ್ಣು ಮಾಡಬೇಕೆಂದು ಮಗ ಕೇಳಿದ. ಸ್ಮಶಾನದಲ್ಲಿ ಉಳಿದಿದ್ದವು ಹತ್ತೊಂಬತ್ತು ಜಾಗ. ಪಕ್ಕದ ಹೊಲದ ಕ್ಲಿಫರ್ಡ್ ಬ್ಲೇಡ್ಸ್ ಒಂದು ಗೇಣು ನೆಲವನ್ನೂ ಬಿಟ್ಟುಕೊಡುವವನಲ್ಲ. ರಜೆಗೆ ಬರುವವರೆಲ್ಲ ಸತ್ತೂ ಇಲ್ಲೇ ಇರುತ್ತೇವೆಂದರೆ ನಮ್ಮವರೆಲ್ಲಿ ಹೋಗಬೇಕು ಎಂದು ಊರು ಎದ್ದು ನಿಂತಿತು. ಪಂಚಾಯಿತಿ ಅಧ್ಯಕ್ಷೆಯಾಗಿ ಐರಿಸ್ ಒಂದು ರಾತ್ರಿ ಕೂತು ನಿಯಮ ಬರೆದಳು. ‘ಈ ವಿಷಯದಲ್ಲಿ ಯಾವ ವಿನಾಯಿತಿಯೂ ಇರುವುದಿಲ್ಲ’ ಎಂಬ ಕೊನೆಯ ಸಾಲನ್ನು ಯಾರೂ ಕೇಳಿರಲಿಲ್ಲ. ಬರೆಯುತ್ತ ಬರೆಯುತ್ತ ಅವಳಿಗೇ ತೋಚಿದ್ದು. ಅದನ್ನು ಓದಿದಾಗ ಸಭೆ ಚಪ್ಪಾಳೆ ತಟ್ಟಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಾಲ್ಡೇನನಿಗೆ ಅವಳು, “ಇದು ನಿಮ್ಮ ವಿರುದ್ಧ ಅಲ್ಲ, ಎಲ್ಲರಿಗೂ ಒಂದೇ ನಿಯಮ,” ಎಂದಿದ್ದಳು. ಆತ ತಲೆಬಾಗಿ ಹೊರಟುಹೋಗಿದ್ದ.

ಬುಧವಾರ ಸಂಜೆ ಏಳಕ್ಕೆ ಊರ ಸಭಾಭವನದ ಕುರ್ಚಿಗಳು ಸಾಲಲಿಲ್ಲ. ಕೆಲವರು ಗೋಡೆಗೆ ಒರಗಿ ನಿಂತರು. ಸಿರಿಲ್ ಮದುವೆ-ಮರಣಕ್ಕೆ ಹಾಕುವ ತನ್ನ ಕಪ್ಪು ಕೋಟಿನಲ್ಲಿ ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದ. ಸಭೆ ಇನ್ನೇನು ಶುರುವಾಗಬೇಕು, ಹಾಲ್ಡೇನ್ ಒಳಗೆ ಬಂದ. ತಲೆಗಳು ಅತ್ತ ತಿರುಗಿದವು. ಅವನು ಬಾಗಿಲ ಬಳಿಯೇ ನಿಂತುಕೊಂಡ.

ಐರಿಸಳೂ ಸೇರಿ ಏಳು ಜನ ಸದಸ್ಯರು. ಎಡ್ನಾಳಿಗೆ ವಿನಾಯಿತಿ ಕೊಡಬೇಕು ಎಂದು ಅಂಚೆ ಅಂಗಡಿಯ ಬೆರಿಲ್ ಸೂಚಿಸಿದಳು. ಕ್ಲಿಫರ್ಡ್ ಬ್ಲೇಡ್ಸ್ ಎದ್ದ.

“ಸಿರಿಲ್, ನಿನ್ನ ಮೇಲೆ ನಂಗೇನೂ ಇಲ್ಲ ಕಣಯ್ಯ. ನಮ್ಮಪ್ಪನಿಗೂ ಅಮ್ಮನಿಗೂ ಗುಂಡಿ ತೋಡಿದೋನು ನೀನು. ಆದ್ರೆ ಈ ಮನುಷ್ಯ ಇಲ್ಲೇ ನಿಂತಿದಾರೆ. ಎರಡು ವರ್ಷದ ಹಿಂದೆ ಅವರ ಮುಖಕ್ಕೆ ನಿಯಮ ಹಿಡಿದೋರು ನಾವು. ಈಗ ನಮ್ಮೋಳು ಅಂತ ಮಡಚಿ ಜೇಬಿಗಿಟ್ಟುಕೊಂಡ್ರೆ ಅದು ನಿಯಮ ಆಗುತ್ತಾ?”

“ಎಡ್ನಾ ಹುಟ್ಟಿದ್ದೇ ಈ ಊರಲ್ಲಿ ಕಣೋ,” ಎಂದಳು ಬೆರಿಲ್.

“ಹುಟ್ಟಿದ್ದು ಅಂತ ಬರೆದಿಲ್ಲವಲ್ಲ. ಪಟ್ಟಿ ಅಂತ ಬರೆದಿರೋದು. ಬರೆದೋರು ಅಲ್ಲಿ ಕೂತಿದಾರೆ, ಕೇಳು.”

ಹಾಲ್ಡೇನ್ ಕೈ ಎತ್ತಿದ. ಸಾರ್ವಜನಿಕರಿಗೆ ಮೂರು ನಿಮಿಷ ಮಾತಾಡುವ ಅವಕಾಶವಿತ್ತು. ಐರಿಸ್ ಆಗಲಿ ಎಂದು ತಲೆಯಾಡಿಸಿದಳು.

“ನಾನು ಅಡ್ಡಿ ಮಾಡೋಕೆ ಬಂದಿಲ್ಲ,” ಎಂದ ಅವನು. “ಓಡ್ಲಿಂಗ್ ಅವರ ಹೆಂಡತಿ ನಮ್ಮಮ್ಮನಿಗೆ ವಾರಕ್ಕೊಂದು ಸಲ ಮೊಟ್ಟೆ ತಂದುಕೊಡ್ತಿದ್ರು. ಅರ್ಧ ದಿನ ಕೂತು ಮಾತಾಡ್ತಿದ್ರು. ಅಮ್ಮನಿಗೆ ಈ ಊರು ಅಂದ್ರೆ ಆಕೇನೇ. ಇಲ್ಲ ಅನ್ನೋದಾದ್ರೆ ನಿಮ್ಮ ಕಾರಣಕ್ಕೆ ಅನ್ನಿ, ನನ್ನ ಹೆಸರು ಹೇಳಿ ಅನ್ನಬೇಡಿ. ಇಷ್ಟು ಕೇಳೋಕೇ ಬಂದೆ.”

ಅವನ ಮೂರು ನಿಮಿಷದಲ್ಲಿ ಎರಡಕ್ಕೂ ಹೆಚ್ಚು ಉಳಿದಿತ್ತು.

“ಪರವಾಗಿರೋರು,” ಎಂದಳು ಐರಿಸ್. ಬೆರಿಲ್, ಅವಳ ಪಕ್ಕದ ಇಬ್ಬರು. ಮೂರು ಕೈ. “ವಿರುದ್ಧ.” ಕ್ಲಿಫರ್ಡ್, ಅವನ ಭಾವಮೈದ, ಕೊನೆಗೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೂಡ, ಯಾರ ಮುಖವನ್ನೂ ನೋಡದೆ. ಮೂರು ಕೈ. ಕಾರ್ಯದರ್ಶಿ ಮೋನಾ ಪೆನ್ನು ಹಿಡಿದು ಐರಿಸಳ ಕಡೆ ನೋಡಿದಳು. ಭವನವೇ ಐರಿಸಳ ಕಡೆ ನೋಡಿತು.

ಪರವಾಗಿ ಕೈ ಎತ್ತುವುದೆಂದು ಅವಳು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದಳು. ಅದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಬಾಗಿಲ ಬಳಿ ನಿಂತಿದ್ದವನ ಮುಖ ಕಣ್ಣಿಗೆ ಬಿತ್ತು. ಈಗ ಕೈ ಎತ್ತಿದರೆ, ಅವತ್ತು ‘ನಿಮ್ಮ ವಿರುದ್ಧ ಅಲ್ಲ’ ಎಂದದ್ದು ಸುಳ್ಳೆಂದು ಇಷ್ಟು ಜನರ ಮುಂದೆ ತಾನೇ ಒಪ್ಪಿಕೊಂಡ ಹಾಗೆ. ಚಪ್ಪಾಳೆಯ ಸದ್ದು ಕಿವಿಯಲ್ಲಿ ಮತ್ತೆ ಕೇಳಿದಂತಾಯಿತು. ಒಂದೆರಡು ಮಾತು ಮೊದಲು ಹೇಳಬೇಕು, ಸರಿಯಾಗಿ ಹೇಳಬೇಕು, ಆಮೇಲೆ ಎತ್ತಿದರಾಯಿತು ಎನ್ನಿಸಿತು. ಅವಳು ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿಕೊಂಡಳು.

“ಮೋನಾ, ಆ ನಿಯಮಾನ ಇನ್ನೊಂದು ಸಲ ಓದಿ,” ಎಂದಳು.

ಮೋನಾ ಓದಿದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಶಬ್ದವಾಯಿತು. ಸಿರಿಲ್ ಎದ್ದು ನಿಂತಿದ್ದ.

“ಬೇಡ ಬಿಡಿ,” ಎಂದ.

“ಇನ್ನೂ ಮತ ಮುಗಿದಿಲ್ಲ, ಸಿರಿಲ್,” ಎಂದಳು ಮೋನಾ.

“ಕೇಳಿದೋನು ನಾನು. ಕೇಳಿದ್ದನ್ನ ವಾಪಸ್ ತಗೋಬಹುದಲ್ವಾ?”

ಮೋನಾ ಐರಿಸಳನ್ನು ನೋಡಿದಳು. “ತಗೋಬಹುದು,” ಎಂದಳು ಮೆಲ್ಲಗೆ.

“ಹಾಗಾದ್ರೆ ತಗೊಂಡೆ. ಈ ಊರಲ್ಲಿ ಎಷ್ಟೋ ಜನರನ್ನ ಒಳಗಿಟ್ಟಿದೀನಿ. ಒಳ್ಳೇವ್ರು, ಕೆಟ್ಟೋರು, ಹೆಂಡ್ತೀನ ಹೊಡೀತಿದ್ದೋನು, ಎಲ್ಲ. ಒಬ್ಬರಿಗೂ ಹೀಗೆ ಕೈ ಎಣಿಸಿದ್ದು ನೋಡಿಲ್ಲ.” ಅವನು ಟೋಪಿ ಹಾಕಿಕೊಂಡ. ಜನ ದಾರಿ ಬಿಟ್ಟರು. ಬಾಗಿಲ ಬಳಿ ಹಾಲ್ಡೇನ್ ಏನೋ ಹೇಳಲು ಹೋದ. ಸಿರಿಲ್ ಅವನ ತೋಳನ್ನು ಒಮ್ಮೆ ತಟ್ಟಿ ಹೊರಗೆ ನಡೆದ.

ಸಭೆ ಮುಂದೂಡಿದೆ ಎಂದೂ ಹೇಳದೆ ಐರಿಸ್ ಹಿಂದೆಯೇ ಓಡಿದಳು. ಏಪ್ರಿಲ್ಲಿನ ಬೆಳಕು ಇನ್ನೂ ಇತ್ತು. ಅವನು ಗೇಟು ದಾಟಿ ರಸ್ತೆಗೆ ಇಳಿದಿದ್ದ.

“ಸಿರಿಲ್, ನಿಂತ್ಕೋ. ನಾನು ಎತ್ತೋದ್ರಲ್ಲಿದ್ದೆ.”

ಅವನು ನಿಂತ. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಗೊತ್ತು, ಐರಿಸ್. ನೀನು ಎತ್ತುತ್ತಿದ್ದೆ,” ಎಂದ. “ಯೋಚನೆ ಮಾಡಿ ಎತ್ತುತ್ತಿದ್ದೆ. ಎಡ್ನಾ ವಿಷಯಕ್ಕೆ ನೀನು ಯೋಚನೆ ಮಾಡ್ಬೇಕಾಯ್ತಲ್ಲ.”

ಅವನು ಇಳಿಜಾರಿನಲ್ಲಿ ನಿಧಾನವಾಗಿ, ಕಾಲು ನೋಡಿ ಇಡುತ್ತ ಹೋದ.

ಎಡ್ನಾಳನ್ನು ಪೇಟೆಯ ದೊಡ್ಡ ಸ್ಮಶಾನದಲ್ಲಿ ಮಣ್ಣು ಮಾಡಿದರು. ಹೊಸ ಸಾಲು, ನಂಬರು ಬರೆದ ಗೂಟ, ಒಂದೇ ಅಳತೆಯ ಗುಂಡಿಗಳು. ಯಂತ್ರದಲ್ಲಿ ತೋಡಿದ ಇಬ್ಬರು ದೂರದಲ್ಲಿ ವ್ಯಾನಿಗೆ ಒರಗಿ ಕಾಯುತ್ತಿದ್ದರು. ಐರಿಸ್ ಬಂದವರ ಹಿಂದೆ ನಿಂತಳು. ಅವಳನ್ನು ಯಾರೂ ದೂರಲಿಲ್ಲ. “ನೀನಾದ್ರೂ ಏನು ಮಾಡೋಕಾಗ್ತಿತ್ತು,” ಎಂದಳು ಬೆರಿಲ್, ಮಣ್ಣು ಮಾಡಿ ಬಂದ ಮೇಲೆ ಸ್ಯಾಂಡ್‌ವಿಚ್ಚಿನ ತಟ್ಟೆ ಮುಂದೆ ಹಿಡಿಯುತ್ತ. ಏನು ಮಾಡಬಹುದಿತ್ತು ಎಂಬುದು ಐರಿಸಳಿಗೆ ಗೊತ್ತಿತ್ತು. ಒಂದು ಗೇಣು ಮೇಲಕ್ಕೆ ಹೋಗಬೇಕಿತ್ತು ಅವಳ ಬಲಗೈ, ಅಷ್ಟೇ.

ಮೇ ತಿಂಗಳ ಸಭೆಯಲ್ಲಿ ಕ್ಲಿಫರ್ಡ್ ಬ್ಲೇಡ್ಸನೇ ತಿದ್ದುಪಡಿ ತಂದ. ಊರಲ್ಲಿ ಇಪ್ಪತ್ತು ವರ್ಷ ಬಾಳಿದವರಿಗೆ, ಬೇಸಿಗೆಗೆ ಬಂದು ಇರುವವರಿಗೂ, ಜಾಗ ಉಂಟು ಎಂದು. ಏಳು ಕೈಗಳೂ ಮೇಲೆದ್ದವು. ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ವಿಷಯ, ಬಸ್ ನಿಲ್ದಾಣದ ಸೋರುವ ಸೂರು.

ಅದೇ ತಿಂಗಳು ಪಂಚಾಯಿತಿ ಚುನಾವಣೆಯೂ ಇತ್ತು. ಇನ್ನು ಸಾಕು, ನಿಲ್ಲುವುದಿಲ್ಲ ಎಂದು ಐರಿಸ್ ಕಾಗದ ಬರೆದುಕೊಟ್ಟಿದ್ದಳು. ಮೋನಾ ಅದನ್ನು ಹಿಡಿದುಕೊಂಡು ಮನೆಗೇ ಬಂದಳು.

“ಏಳು ಜಾಗಕ್ಕೆ ಆರೇ ಜನ ಅರ್ಜಿ ಹಾಕಿರೋದು. ನೀವೂ ಬಿಟ್ರೆ ಜಿಲ್ಲಾ ಕೌನ್ಸಿಲಿನೋರು ಯಾರನ್ನೋ ಕೂರಿಸ್ತಾರೆ.”

“ಕೂರಿಸಲಿ.”

“ಯಾರನ್ನ ಕೂರಿಸ್ತಾರೆ, ಐರಿಸ್? ಯಾರಿದಾರೆ ನಮ್ಮಲ್ಲಿ?”

ಹಾಗೆ ಅವಳು ಎದುರಾಳಿಯೇ ಇಲ್ಲದೆ ಮತ್ತೆ ಆರಿಸಿ ಬಂದಳು. ಒಂದು ಓಟೂ ಬೀಳಲಿಲ್ಲ, ಒಂದು ಓಟೂ ಬೇಕಾಗಲಿಲ್ಲ. ಅಧ್ಯಕ್ಷೆಯ ಕುರ್ಚಿಗೂ ಅವಳ ಹೆಸರನ್ನೇ ಸೂಚಿಸಿದರು. ಅವಳು ಕೂತಳು.

ಸಿರಿಲ್ ಸ್ಮಶಾನದ ಸಾಮಾನು ಕೊಟ್ಟಿಗೆಯ ಬೀಗದ ಕೈಯನ್ನು ಒಂದು ಲಕೋಟೆಯಲ್ಲಿ ಹಾಕಿ ಮೋನಾಳ ಬಾಗಿಲ ಕಿಂಡಿಯಿಂದ ಒಳಗೆ ಬಿಟ್ಟು ಹೋಗಿದ್ದ. ಚೀಟಿ ಏನೂ ಇರಲಿಲ್ಲ. ಹುಲ್ಲು ಕತ್ತರಿಸಲು ಪೇಟೆಯ ಗುತ್ತಿಗೆದಾರರನ್ನು ಗೊತ್ತು ಮಾಡಿದರು. ಅವರ ಸರದಿ ಬರುವಷ್ಟರಲ್ಲಿ ಕಲ್ಲುಗಳ ನಡುವೆ ಹುಲ್ಲು ಮೊಣಕಾಲಿಗೆ ಬಂದು, ಬಿಳಿ ಹೂ ಬಿಟ್ಟಿತ್ತು.

ಜೂನಿನ ಒಂದು ಗುರುವಾರ ಬೆಳಿಗ್ಗೆ ಐರಿಸ್ ಸೂರಿನ ಅಳತೆ ನೋಡಲು ಬಸ್ ನಿಲ್ದಾಣಕ್ಕೆ ಹೋದಳು. ಬೆಂಚಿನ ಮೇಲೆ ಸಿರಿಲ್ ಕೂತಿದ್ದ. ಕ್ಷೌರ ಮಾಡಿಕೊಂಡಿದ್ದ, ಗದ್ದದ ಕೆಳಗೊಂದು ಕಡೆ ಕೊಯ್ದುಕೊಂಡು ಕಾಗದದ ಚೂರು ಅಂಟಿಸಿದ್ದ. ತೊಡೆಯ ಮೇಲೊಂದು ಮಣ್ಣಿನ ಕುಂಡ, ಅದರಲ್ಲಿ ನೀಲಿ ಹೂವಿನ ಗಿಡ. ಪೇಟೆಗೆ ಹೋಗುವ ಬಸ್ಸು ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಗುರುವಾರ. ಎರಡೂ ದಿನ ಅವನು ಹೋಗುತ್ತಾನೆಂದು ಬೆರಿಲ್ ಹೇಳಿದ್ದಳು.

ಅವಳು ನಿಂತೇ ಇದ್ದಳು. ಅವನು ಸ್ವಲ್ಪ ಸರಿದು ಜಾಗ ಬಿಟ್ಟ. ಅವಳು ಕೂತಳು.

“ಗಿಡ ಚೆನ್ನಾಗಿದೆ,” ಎಂದಳು.

“ಹೂಂ. ಅಲ್ಲಿ ಮಣ್ಣು ಸರಿ ಇಲ್ಲ. ಬರೀ ಜೇಡಿ. ಕುಂಡದಲ್ಲೇ ಇಡಬೇಕು.”

ಹೊಲದ ಆಚೆ ಯಾರದೋ ಟ್ರ್ಯಾಕ್ಟರು ನಿಂತಿತು, ಮತ್ತೆ ಹೊರಟಿತು. ಇಬ್ಬರೂ ರಸ್ತೆಯ ತಿರುವನ್ನೇ ನೋಡುತ್ತಿದ್ದರು.

“ಹದಿನೈದು ನಿಮಿಷ ತಡ ಆಯ್ತು,” ಎಂದಳು ಐರಿಸ್. “ಪ್ರತಿ ಸಲ ಹೀಗೇನಾ? ಬಸ್ ನೋಡ್ಕೊಳ್ಳೋ ಕೌಂಟಿ ಆಫೀಸಿಗೆ ನಾನು ಬರೀತೀನಿ.”

ಸಿರಿಲ್ ಅವಳ ಕಡೆ ತಿರುಗಿದ.

“ಬರೀಬೇಡ, ಐರಿಸ್,” ಎಂದ. “ಬರುತ್ತೆ ಅದು.”

ಬಸ್ಸು ಬಂತು. ಅವನು ಒಂದು ಕೈಯಲ್ಲಿ ಕುಂಡ ಎದೆಗೆ ಅವುಚಿ, ಇನ್ನೊಂದರಲ್ಲಿ ಸರಳು ಹಿಡಿದು ಹತ್ತಿದ. ಅವಳು ಹೊರಗೆ ನಿಂತು ನೋಡಿದಳು. ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಅವನು ನಡುವಿನ ಒಂದು ಸೀಟಿನ ಬಳಿ ನಿಂತು, ಕಿಟಕಿಯ ಪಕ್ಕದ ಜಾಗದಲ್ಲಿ ಕುಂಡವನ್ನು ಇಟ್ಟ. ಅದು ಅಲುಗದಂತೆ ಟೋಪಿ ತೆಗೆದು ಪಕ್ಕಕ್ಕೆ ಒತ್ತಿದ. ಆಮೇಲೆ ತಾನು ಈಚೆಯ ಸೀಟಿನಲ್ಲಿ ಕೂತ.