ಇನ್ನೊಂದು ಕಡೆಯ ಸೀಸೆ

ಅವರು ಕನಿಕರವಿಲ್ಲದ ಮನುಷ್ಯ. ಒಂದೇ ಪ್ರಯೋಗಶಾಲೆಯಲ್ಲಿ ಅವರ ಪಕ್ಕದ ಮೇಜಿನಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು, ಕೋಪದಿಂದ ಹೇಳುತ್ತಿಲ್ಲ. ಆಮ್ಲ ಬಿದ್ದು ತೂತಾದ ಬಿಳಿ ಕೋಟಿಗೆ ಕೈಗೆ ಸಿಕ್ಕ ಬಣ್ಣದ ದಾರದಲ್ಲಿ ತಾವೇ ತೇಪೆ ಹಾಕಿಕೊಳ್ಳುತ್ತಿದ್ದ ಅವರಿಗೆ, ಎದುರಿನವರ ಮಾತನ್ನು ಅರ್ಧಕ್ಕೇ ತಡೆದು "ಇನ್ನೊಂದು ಕಡೆಯಿಂದ?" ಎಂದು ಕೇಳುವ ಚಾಳಿ. ತಂಗಿ ತನ್ನ ಗಂಡನ ಮೇಲೆ ದೂರು ಹೊತ್ತು ಬಂದು ಅತ್ತಾಗಲೂ ಕೇಳಿದ್ದು ಅದನ್ನೇ. "ಅಣ್ಣಾ, ನಾನು ನಿನ್ನ ಒಡಹುಟ್ಟಿದವಳು ಕಣೋ, ಸೀಸೆಯಲ್ಲ!" ಎಂದು ಆಕೆ ಚೀಲ ಎತ್ತಿಕೊಂಡು ಹೊರಟುಬಿಟ್ಟಳು.

ಆಮ್ಲಕ್ಕೆ ಮದ್ಯಸಾರ ಬೆರೆಸಿಟ್ಟರೆ ಹಣ್ಣಿನ ವಾಸನೆಯ ಎಸ್ಟರೂ ನೀರೂ ಹುಟ್ಟುತ್ತವೆ. ಅವೆರಡು ಕೂಡಿ ಮತ್ತೆ ಆಮ್ಲ, ಮದ್ಯಸಾರಗಳಾಗುತ್ತವೆ. ಹೋಗುವುದೂ ಮರಳುವುದೂ ಸಮವೇಗಕ್ಕೆ ಬಂದಾಗ ಸಮತೋಲನ; ಹೊರಗಿನಿಂದ ನೋಡಿದರೆ ಎಲ್ಲವೂ ನಿಂತಂತೆ. ತೊಂದರೆಯೆಂದರೆ, ತೀರ ನಿಧಾನವಾಗಿ ಸಾಗುವುದೂ ನಿಂತಂತೆಯೇ ಕಾಣುತ್ತದೆ. ಎರಡು ಕಡೆಯಿಂದ ಹೊರಟರೂ ಒಂದೇ ಅಳತೆಗೆ ಬಂದು ನಿಂತರೆ ಮಾತ್ರ ಅದು ನಿಜವಾದ ಸಮತೋಲನ.

ಅವರ ಕೈಕೆಳಗಿನ ಸಂಶೋಧನೆಯ ಹುಡುಗಿ ಒಂದು ಬೆಳಿಗ್ಗೆ ಓಡಿಬಂದಳು. "ಸರ್, ಎಷ್ಟು ಸಲ ಅಳೆದರೂ ಆಮ್ಲ ಅಷ್ಟೇ ಇದೆ. ಸಮತೋಲನ ಬಂತು. ಶುಕ್ರವಾರದೊಳಗೆ ಪ್ರಬಂಧಕ್ಕೆ ನಿಮ್ಮ ಸಹಿ ಬೀಳದಿದ್ರೆ ನನಗೆ ಸಿಕ್ಕಿರೋ ಕಾಲೇಜಿನ ಕೆಲಸ ಬೇರೆಯವರ ಪಾಲಾಗುತ್ತೆ."

"ತಲುಪಿ ನಿಂತಿದೆಯೋ, ತೆವಳ್ತಾ ಇದೆಯೋ? ಇನ್ನೊಂದು ಕಡೆಯಿಂದ?"

"ಈಗ ಎಸ್ಟರಿಗೆ ನೀರು ಸೇರಿಸಿ ಶುರುಮಾಡಿದ್ರೆ ಇನ್ನೆರಡು ತಿಂಗಳು ಬೇಕು ಸರ್!"

"ಬೇಕು."

ಹುಡುಗಿಯ ಮುಖ ಸಣ್ಣಗಾಯಿತು. ನನಗೆ ತಡೆಯಲಾಗಲಿಲ್ಲ. "ಕಲ್ಲಾದರೂ ನಿಮಗಿಂತ ಮೆತ್ತಗಿರುತ್ತೆ ಕಣ್ರೀ."

"ಕಲ್ಲಿನ ಕಡೆಯಿಂದ ವಿಚಾರಿಸಿದ್ರಾ ಮೇಡಂ?"

ಸತ್ಯವನ್ನು ಒಂದೇ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳದ ಇಂಥವರ ಪಾಲಿಗೆ ಕಣ್ಣೀರೂ ಅಳತೆಗೆ ಸಿಗುವ ಒಂದು ದ್ರವ, ಅಷ್ಟೆ. ಅವರ ನ್ಯಾಯವನ್ನು ಮೆಚ್ಚಬಹುದು, ಅವರ ನೆರಳಿನಲ್ಲಿ ಬದುಕಲಾಗದು. ಹೀಗೆಂದುಕೊಂಡು ನಾನು ನನ್ನ ಕೆಲಸಕ್ಕೆ ತಿರುಗುವಷ್ಟರಲ್ಲಿ ಅವರು ಕೋಟಿನ ತೋಳು ಮಡಚಿ, ಸೀಸೆಗಳನ್ನಿಟ್ಟಿದ್ದ ಬೆಚ್ಚನೆಯ ನೀರಿನ ತೊಟ್ಟಿಗೆ ಮೊಣಕೈವರೆಗೆ ಕೈಯಿಳಿಸಿ, ಹುಡುಗಿಯ ಸೀಸೆಯ ಹಿಂದಿನಿಂದ ಇನ್ನೊಂದನ್ನು ಎತ್ತಿದರು.

"ಎಸ್ಟರು, ನೀರು. ನಿನ್ನದನ್ನ ಇಟ್ಟ ದಿನಾನೇ ಇಟ್ಟಿದ್ದೆ. ನಾನು ಅಳೆದಿಲ್ಲ. ನೀನೇ ಅಳೆ."

ಅವಳು ಆಮ್ಲ ಅಳೆಯಲು ಹನಿ ಹನಿಯಾಗಿ ಕ್ಷಾರ ಬಿಡುತ್ತಿದ್ದಷ್ಟು ಹೊತ್ತೂ ಅವರು ಕಿಟಕಿಯತ್ತ ಮುಖಮಾಡಿ ಕುಳಿತಿದ್ದರು.

"ಸರ್, ಅಷ್ಟೇ ಇದೆ! ಎರಡರಲ್ಲೂ ಅಷ್ಟೇ!"

ಪ್ರಬಂಧವನ್ನು ಎಳೆದುಕೊಂಡು ಸಹಿ ಹಾಕಲು ಹೋದರು. ಅಕ್ಷರ ಮೂಡಲಿಲ್ಲ. ಅವಳು ಅಳೆಯತೊಡಗಿದಾಗಿನಿಂದ ಅವರು ಮುಚ್ಚಳ ತೆಗೆದು ಹಿಡಿದುಕೊಂಡೇ ಕುಳಿತಿದ್ದ ಪೆನ್ನಿನ ಮುಳ್ಳು ಒಣಗಿಹೋಗಿತ್ತು.