ಎಂಟೂ ತಪ್ಪು

ನನ್ನ ಅತ್ತೆ ನನ್ನ ತರಗತಿಗೆ ಸೇರಿದ್ದು ಸಂಖ್ಯಾಶಾಸ್ತ್ರ ಕಲಿಯುವುದಕ್ಕಲ್ಲ, ನನ್ನ ಹುಳುಕು ಹಿಡಿಯುವುದಕ್ಕೆ. ನಿವೃತ್ತರಿಗೆ ಫೀಸಿಲ್ಲ ಎಂದು ವಿಶ್ವವಿದ್ಯಾಲಯದವರು ಬೋರ್ಡು ಹಾಕಿದ್ದೇ ತಡ, ಮಂಡಿನೋವು, ಬೆನ್ನುನೋವು ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಶನಿವಾರ ಬೆಳಿಗ್ಗೆ ಮೊದಲ ಬೆಂಚಿನಲ್ಲಿ ಬಂದು ಕೂತುಬಿಟ್ಟರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿದ್ದವರು. ಊರಿನವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡು ಆಯುಷ್ಯ ಕಳೆದವರಿಗೆ ಸೊಸೆಯೊಬ್ಬಳ ಪಾಠ ಯಾವ ಮಹಾ! ಹುಡುಗರು ಮೊದಲ ವಾರವೇ ‘ಎಕ್ಸ್‌ಚೇಂಜ್ ಅಜ್ಜಿ’ ಎಂದು ಹೆಸರಿಟ್ಟರು.

"ದಿನವಿಡೀ ಅದೇನು ಕಡಿದು ಗುಡ್ಡೆ ಹಾಕ್ತಾಳೋ ನೋಡೇಬಿಡೋಣ ಅಂತ ಬಂದೆ," ಎಂದು ಪಕ್ಕದ ಹುಡುಗಿಗೆ ಹೇಳಿದರು, ನನಗೆ ಕೇಳುವಷ್ಟು ಗಟ್ಟಿಯಾಗಿ.

ನಾನು ಕಡಿದು ಗುಡ್ಡೆ ಹಾಕಿದ್ದೂ ಅದೇ ಕೋಣೆಯಲ್ಲಿ. ಸರಾಸರಿ ಎಂದರೇನು ಎಂದು ಕಲಿತದ್ದು ಅಲ್ಲೇ, ಎಂಎಸ್‌ಸಿ ಮುಗಿಸಿದ್ದು ಅಲ್ಲೇ, ಈಗ ಪಿಎಚ್‌ಡಿ ಮಾಡುತ್ತ ಹೊಟ್ಟೆಪಾಡಿಗೆ ಮೊದಲ ವರ್ಷದವರಿಗೆ ಅದೇ ಸರಾಸರಿಯನ್ನು ಹೇಳಿಕೊಡುವುದೂ ಅಲ್ಲೇ. ನನ್ನ ಸಂಶೋಧನೆಯ ವಿಷಯ ಸರಳ. ಸಮೀಕ್ಷೆಯಲ್ಲಿ ಉತ್ತರ ಹೇಳುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ಬರೆದುಕೊಳ್ಳುವವನು ಹೌದು ಎಂದದ್ದನ್ನು ಇಲ್ಲ ಎಂದು ಬರೆದರೆ ಇಡೀ ಲೆಕ್ಕ ಹೇಗೆ ಕೆಡುತ್ತದೆ, ಕೆಟ್ಟದ್ದನ್ನು ಹೇಗೆ ಪತ್ತೆಹಚ್ಚಬೇಕು, ಅಷ್ಟೇ. ಪ್ರಬಂಧ ಸಲ್ಲಿಸಲು ಮೂರು ತಿಂಗಳು ಉಳಿದಿತ್ತು. ಈ ಸಲ ಕೊಡದಿದ್ದರೆ ನೋಂದಣಿಯೇ ರದ್ದು, ಇನ್ನು ನನ್ನ ಕೈಲಿ ಏನೂ ಇಲ್ಲಮ್ಮ ಎಂದು ಗೈಡ್ ಕೈಚೆಲ್ಲಿದ್ದರು.

ಆ ಮೂರು ತಿಂಗಳು ಇದ್ದದ್ದು ಅತ್ತೆಯ ಕೈಯಲ್ಲಿ. ನಮ್ಮ ಪುಟ್ಟಿಗೆ ಆಗಷ್ಟೇ ಎರಡು ತುಂಬಿತ್ತು. ನಾನು ಬರೆಯಬೇಕಾದರೆ ಯಾರಾದರೂ ಅವಳನ್ನು ನೋಡಿಕೊಳ್ಳಬೇಕು. ಅಂಥ ಹೊತ್ತಿನಲ್ಲಿ ನನ್ನ ಗಂಡ ಮಹಡಿಯಿಂದ ಇಳಿದು ಬಂದು, ಮುಖ ಬಾಡಿಸಿಕೊಂಡು ಹೇಳಿದ.

"ಅಮ್ಮ ಈ ತಿಂಗಳಾದ್ಮೇಲೆ ಮಗೂನ ನೋಡ್ಕೊಳ್ಳಲ್ಲ ಅಂತಿದಾಳೆ. ಓದು ಸಾಕು, ಬಿಟ್ಟುಬಿಡ್ಲಿ ಅಂತಾಳೆ. ನಾನೇನು ಮಾಡ್ಲಿ ಹೇಳು, ಹೆತ್ತವಳು."

ಅವನು ಇನ್ಶೂರೆನ್ಸ್ ಕಂಪನಿಯೊಂದರ ದೂರು ವಿಭಾಗದಲ್ಲಿದ್ದಾನೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಅತ್ತೆಗೂ ನನಗೂ ನೇರ ಮಾತಿಲ್ಲ. ಇದ್ದ ಮಾತೆಲ್ಲ ಅವನ ಬಾಯಿಂದ ಮೇಲೆ ಹೋಗಿ ಅವನ ಬಾಯಿಂದಲೇ ಕೆಳಗೆ ಬರುತ್ತಿತ್ತು. ಬೆಳಗಿನ ಚಹಾವೂ ಹಾಗೆಯೇ. ಅತ್ತೆ ಮಹಡಿಯ ಕೋಣೆಯಿಂದ ಇಳಿಯುವುದು ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ, ಆದ್ದರಿಂದ ಚಹಾವನ್ನು ಅವನೇ ಮೇಲೆ ಒಯ್ಯುತ್ತಿದ್ದ. ಬಹುತೇಕ ನಾನೇ ಮಾಡುತ್ತಿದ್ದೆ, ನನಗೆ ಬೇಗ ಕ್ಲಾಸಿದ್ದ ದಿನ ಅವನು ಮಾಡುತ್ತಿದ್ದ. ಕಪ್ಪು ವಾಪಸ್ ತಂದವನು ಸಿಂಕಿನಲ್ಲಿಟ್ಟು, "ನಿನ್ನ ಚಹಾ ಅಮ್ಮನಿಗೆ ಯಾಕೋ ಸೇರೋದೇ ಇಲ್ಲ. ಹೋಗ್ಲಿ ಬಿಡು, ವಯಸ್ಸಾಯ್ತು," ಎಂದು ಬೆನ್ನು ಸವರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ತರಗತಿಯಲ್ಲಿ, ಯಾರಾದರೂ ತಮಗೊಂದು ವಿದ್ಯೆ ಇದೆ ಎಂದರೆ ಅದನ್ನು ಪರೀಕ್ಷಿಸುವುದು ಹೇಗೆ ಎಂಬ ಪಾಠ ನಡೆದಿತ್ತು. ಅತ್ತೆ ಕೈ ಎತ್ತಿದರು. ತರಗತಿಯಲ್ಲಿ ನನ್ನನ್ನು ಮೇಡಂ ಎನ್ನುತ್ತಾರೆ. ಆ ಮೇಡಂನಲ್ಲಿ ಇರುವಷ್ಟು ವಿಷ ಹಾವಿನ ಹಲ್ಲಿನಲ್ಲೂ ಇರಲಿಕ್ಕಿಲ್ಲ.

"ಮೇಡಂ, ಮಗ ಮಾಡಿದ ಚಹಾ ಯಾವ್ದು, ಸೊಸೆ ಮಾಡಿದ್ದು ಯಾವ್ದು ಅಂತ ನಾನು ಒಂದೇ ಗುಟುಕಿಗೆ ಹೇಳ್ತೀನಿ. ಮಗಂದು ಅಮೃತ. ಸೊಸೇದು ಸೀಕಲು, ಪಾತ್ರೆ ತೊಳೆದ ನೀರು. ಇದನ್ನ ಪರೀಕ್ಷೆ ಮಾಡಬಹುದಾ?"

ತರಗತಿ ಗೊಳ್ಳೆಂದಿತು. ಆ ಸೊಸೆ ನಾನೇ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಮಾಡಬಹುದು," ಎಂದೆ. "ಮುಂದಿನ ಶನಿವಾರವೇ ಮಾಡೋಣ. ಎಂಟು ಕಪ್ಪು. ನಾಲ್ಕು ಮಗಂದು, ನಾಲ್ಕು ಸೊಸೇದು. ಸುಮ್ನೆ ಊಹೆ ಮೇಲೆ ಹೇಳಿದ್ರೆ ಎಂಟೂ ಸರಿಯಾಗೋದು ಎಪ್ಪತ್ತರಲ್ಲಿ ಒಂದು ಸಲ. ನೀವು ಎಂಟೂ ಸರಿಯಾಗಿ ಹೇಳಿದ್ರೆ ನಿಮ್ಮ ನಾಲಗೆಗೆ ನಾನೇ ಶರಣು."

ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿದೆ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

"ಅತ್ತೆ, ಪಂದ್ಯ ಕಟ್ಟೋಣ. ನಿಮಗೆ ಗುರುತಿಸೋಕೆ ಆಗ್ಲಿಲ್ಲ ಅಂದ್ರೆ ನಾನು ಪ್ರಬಂಧ ಕೊಡೋ ತನಕ ಪುಟ್ಟೀನ ನೀವು ನೋಡ್ಕೋಬೇಕು, ತುಟಿಪಿಟಕ್ ಅನ್ನಬಾರದು. ಎಂಟೂ ಸರಿಯಾಗಿ ಹೇಳಿದ್ರೆ ನಾನು ಓದು ಬಿಡ್ತೀನಿ."

"ಹೇಗೂ ಬಿಡ್ತೀಯಂತಲ್ಲ," ಎಂದರು ಅತ್ತೆ.

ನಾನು ಹಲ್ಲು ಕಚ್ಚಿದೆ. "ನಿಮ್ಮ ಮಗನಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಮುತುವರ್ಜಿಯಿಂದ ಮಾಡ್ತಾರೆ."

"ನನ್ನ ಮಗ ಯಾವತ್ತೂ ಮುತುವರ್ಜಿಯಿಂದಲೇ ಮಾಡೋದು," ಎಂದು ಸೆರಗು ಕೊಡವಿಕೊಂಡು ಹೋದರು.

ಮುಂದಿನ ಶನಿವಾರ ಒಂದೇ ಡಬ್ಬಿಯ ಪುಡಿ, ಒಂದೇ ಹಾಲು, ಒಂದೇ ಸಕ್ಕರೆಯಲ್ಲಿ ನಾನೊಂದು ಫ್ಲಾಸ್ಕು ತುಂಬಿಸಿದೆ. ಇನ್ನೊಂದನ್ನು ಅವನ ಕೈಗಿತ್ತು, ತರಗತಿಯಲ್ಲಿ ಜನ ಜಾಸ್ತಿ, ನೀವೂ ಒಂದಿಷ್ಟು ಮಾಡಿಕೊಡಿ ಎಂದೆ. ಫೋನ್ ನೋಡುತ್ತಲೇ ಕುದಿಸಿದ. ಎರಡು ಸಲ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿ. ಇದನ್ನು ಕುಡಿದು ಅಮೃತ ಎನ್ನಲಿ, ನೋಡೋಣ!

ತರಗತಿಯಲ್ಲಿ ನಾನು ಕಪ್ಪುಗಳನ್ನು ಮುಟ್ಟಲೇ ಇಲ್ಲ. ಲಂಬು ಎಂದು ಎಲ್ಲರೂ ಕರೆಯುವ ಉದ್ದನೆಯ ಹುಡುಗಿ ಹೊರಗೆ ಚೀಟಿ ಎತ್ತಿ, ಬಂದ ಸರದಿಯಲ್ಲಿ ಸುರಿದು, ಒಂದರಿಂದ ಎಂಟು ಎಂದು ಗುರುತಿಟ್ಟು ತಂದಳು. ಯಾವುದು ಯಾರದು ಎಂದು ಅವಳೊಬ್ಬಳಿಗೇ ಗೊತ್ತು. ಅತ್ತೆ ಒಂದೊಂದು ಗುಟುಕಿಗೂ ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ, ತಡಮಾಡದೆ ಹೇಳುತ್ತ ಹೋದರು. "ಮಗ. ಸೊಸೆ. ಥೂ, ಇದೂ ಸೊಸೆ. ಮಗ. ಆಹಾ, ಮಗ..." ಅವರು ಹೇಳಿದ್ದನ್ನೆಲ್ಲ ನಾನು ಬೋರ್ಡಿನ ಮೇಲೆ ಬರೆದೆ. ಆರು ವರ್ಷದ ದುಡಿಮೆಯನ್ನು ಎಂಟು ಕಾಗದದ ಕಪ್ಪಿನ ಮೇಲಿಟ್ಟ ನನ್ನ ಬುದ್ಧಿಗೆ ನಾನೇ ಶಾಪ ಹಾಕಿಕೊಂಡೆ.

ಲಂಬು ಎದ್ದು ನಿಂತು ಓದಿದಳು. ಒಂದನೆಯದು ತಪ್ಪು. ಎರಡನೆಯದು ತಪ್ಪು. ಐದಕ್ಕೆ ಬರುವಷ್ಟರಲ್ಲಿ ಹುಡುಗರು ಬೆಂಚು ಬಡಿಯತೊಡಗಿದ್ದರು. ಎಂಟೂ ತಪ್ಪು!

"ಅಜ್ಜಿ ಸೊನ್ನೆ! ಅಜ್ಜಿ ಔಟ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಅತ್ತೆಯ ಮುಖ ಕಪ್ಪಿಟ್ಟಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಅಷ್ಟು ಸಂತೋಷ ನನಗೆ ರ‍್ಯಾಂಕ್ ಬಂದಾಗಲೂ ಆಗಿರಲಿಲ್ಲ. ಬೋರ್ಡಿನ ಮೇಲೆ ದಪ್ಪಗೆ ಸೊನ್ನೆ ಸುತ್ತಿದೆ.

ಸುತ್ತಿದ ಕೈ ಹಾಗೇ ನಿಂತಿತು. ಊಹೆಯ ಮೇಲೆ ಹೇಳಿದವರಿಗೆ ನಾಲ್ಕು ಸರಿ ಬರಬೇಕು, ಹೆಚ್ಚು ಕಡಿಮೆ. ಎಂಟೂ ತಪ್ಪಾಗುವುದು ಎಂಟೂ ಸರಿಯಾಗುವಷ್ಟೇ ಅಪರೂಪ, ಅದೂ ಎಪ್ಪತ್ತರಲ್ಲಿ ಒಂದು. ಹುಡುಗರಿಗೆ ಅದು ಹೊಳೆದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದವಳು ನಾನೇ, ಮೂರು ತಿಂಗಳೂ ನನ್ನವೇ. ಮುಚ್ಚಿಕೊಂಡೇ ಇರೋಣ ಎಂದುಕೊಂಡೆ.

"ಮೇಡಂ, ಒಂದು ಪ್ರಶ್ನೆ," ಎಂದರು ಅತ್ತೆ, ಎದ್ದು ನಿಂತು. "ಕುರುಡ ಕಲ್ಲು ಹೊಡೆದ್ರೂ ನಾಲ್ಕು ಹಣ್ಣು ಬೀಳಬೇಕಿತ್ತು ಅಂತ ನೀವೇ ಹೇಳಿಕೊಟ್ಟಿದ್ದು. ನನಗೆ ಒಂದೂ ಬೀಳಲಿಲ್ಲ. ಎಂಟೂ ತಪ್ಪು ಹೇಳ್ಬೇಕು ಅಂದ್ರೆ ಎಂಟೂ ಗೊತ್ತಿರಬೇಕಲ್ವಾ?"

ಹುಡುಗರು ಬೆಂಚು ಬಡಿಯುವುದನ್ನು ಬಿಟ್ಟು ಬೋರ್ಡಿನತ್ತ ನೋಡಿದರು.

"ಎಕ್ಸ್‌ಚೇಂಜಲ್ಲಿ ಹೀಗಾಗೋದು," ಎಂದರು ಅತ್ತೆ. "ಇವರ ಕರೆ ಅವರಿಗೆ, ಅವರ ಕರೆ ಇವರಿಗೆ. ಒಂದೆರಡು ತಪ್ಪಿದ್ರೆ ಕೈತಪ್ಪು. ಎಲ್ಲಾನೂ ತಪ್ಪಿದ್ರೆ ಯಾರೋ ಬೇಕಂತಲೇ ಲೈನು ಅದಲುಬದಲು ಮಾಡಿದಾರೆ ಅಂತ ಅರ್ಥ."

ನಾನು ಮೇಜಿನ ಹತ್ತಿರ ಹೋಗಿ, ಅವರು ಅಮೃತ ಎಂದ ಕಪ್ಪನ್ನು ಎತ್ತಿ ಕುಡಿದೆ. ನನ್ನದೇ. "ಇದು ನಿಮ್ಮ ಮಗಂದು ಅಂತ ನಿಮಗೆ ಯಾರು ಹೇಳಿದ್ದು?"

"ಇನ್ಯಾರು, ಅವನೇ. ಮೇಲೆ ತಂದು ಕೊಟ್ಟಾಗೆಲ್ಲ."

ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು, ಬೇರೆ ಸೀಟಿರಲಿಲ್ಲ. ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು.

"ಚೆನ್ನಾಗಿದ್ದ ದಿನ, 'ಅವಳಿನ್ನೂ ಕಂಪ್ಯೂಟರ್ ಮುಂದೆ ಕೂತಿದಾಳಮ್ಮ, ನಾನೇ ಮಾಡ್ದೆ' ಅಂತಿದ್ದ. ಕೆಟ್ಟಿದ್ದ ದಿನ, 'ಗಡಿಬಿಡೀಲಿ ಕುದಿಸಿಟ್ಟು ಓಡಿದ್ಲು, ಬೇಜಾರು ಮಾಡ್ಕೋಬೇಡ' ಅಂತಿದ್ದ."

"ಗಡಿಬಿಡೀಲಿ ಓಡಿದ ದಿನ ನಾನು ಒಲೆ ಹಚ್ತಾನೇ ಇರ್ಲಿಲ್ಲ ಅತ್ತೆ."

ಎರಡು ಸ್ಟಾಪು ದಾಟಿದ ಮೇಲೆ ನನಗೆ ಕಾರಿಡಾರಿನ ಮಾತು ನೆನಪಾಯಿತು.

"ಅವತ್ತು ಹೇಗೂ ಬಿಡ್ತೀಯಂತಲ್ಲ ಅಂದ್ರಲ್ಲ, ಯಾರು ಹೇಳಿದ್ರು?"

"ನೀನೇ ಅಂದೆಯಂತೆ. ಓದು ಸಾಕಾಗಿದೆ, ಮಗೂನ ಅತ್ತೆ ಕೈಗೆ ಬಿಡೋಕೂ ಧೈರ್ಯ ಇಲ್ಲ, ಈ ತಿಂಗಳಾದ್ಮೇಲೆ ಮನೇಲೇ ಇರ್ತೀನಿ ಅಂತ. ಅದನ್ನ ಕೇಳಿ ನನಗೆ ಎಷ್ಟು ಉರೀತು ಗೊತ್ತಾ? ಅದಕ್ಕೇ ಬಂದು ಕೂತೆ, ಈ ಮಹಾರಾಣಿ ಅದೇನು ಬಿಡ್ತಾಳೆ ನೋಡೋಣ ಅಂತ."

"ನಾನು ಹಾಗೆ ಅಂದೇ ಇಲ್ಲ! ನೀವು ಮಗೂನ ನೋಡ್ಕೊಳ್ಳಲ್ಲ ಅಂದ್ರಂತೆ. ಓದು ಬಿಡ್ಲಿ ಅಂದ್ರಂತೆ."

ಅತ್ತೆ ಮೊದಲ ಸಲ ನನ್ನ ಕಡೆ ತಿರುಗಿದರು. "ನನ್ನ ಮೊಮ್ಮಗಳನ್ನ ನಾನು ನೋಡ್ಕೊಳ್ಳಲ್ಲ ಅಂತೀನಾ? ನನ್ನ ನಾಲಗೆ ಬಿದ್ದುಹೋಗ್ಲಿ."

ನಾನು ಓದು ಬಿಡಬೇಕು ಎಂದು ಆ ಮನೆಯಲ್ಲಿ ಬಯಸಿದವನು ಒಬ್ಬನೇ. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರೆ. ನಡುವೆ ನಿಂತವನು ಉತ್ತರ ತಿರುಚಿದರೆ ಕಂಡುಹಿಡಿಯುವುದು ಹೇಗೆಂದು ಇನ್ನೂರು ಪುಟ ಬರೆದವಳು ನಾನು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಮಗೂನ ಚಿವುಟೋನೂ ಇವನೇ, ತೊಟ್ಟಿಲು ತೂಗೋನೂ ಇವನೇ," ಎಂದರು ಅತ್ತೆ. "ಅಳಬೇಡ. ನೀನು ಅತ್ರೆ ನನಗೆ ಇನ್ನೂ ಸಿಟ್ಟು ಬರತ್ತೆ. ನೀನು ನನಗೆ ಇಷ್ಟ ಅಂತೇನೂ ಅಂದ್ಕೋಬೇಡ."

"ನೀವೂ ನನಗೆ ಅಷ್ಟಕ್ಕಷ್ಟೇ," ಎಂದೆ.

ಮನೆಯಲ್ಲಿ ಅವನು ಪುಟ್ಟಿಯನ್ನು ಮಲಗಿಸಿ ಟಿವಿ ನೋಡುತ್ತಿದ್ದ. ಫ್ಲಾಸ್ಕುಗಳಲ್ಲಿ ಉಳಿದದ್ದನ್ನು ಎರಡು ಲೋಟಕ್ಕೆ ಸುರಿದು ಅವನ ಮುಂದಿಟ್ಟೆ. ಅತ್ತೆ ಬಾಗಿಲಿಗೆ ಒರಗಿ ನಿಂತರು.

"ಇದ್ರಲ್ಲಿ ನೀವು ಮಾಡಿದ್ದು ಯಾವ್ದು, ನಾನು ಮಾಡಿದ್ದು ಯಾವ್ದು ಹೇಳಿ," ಎಂದೆ.

ಒಂದನ್ನು ಕುಡಿದ. ಇನ್ನೊಂದನ್ನು ಕುಡಿದ, ಹುಬ್ಬು ಗಂಟಿಕ್ಕಿತು. ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ದೂರು ವಿಭಾಗದ ನಗು ನಕ್ಕ.

"ಎರಡೂ ಚೆನ್ನಾಗಿದೆ."

ಅತ್ತೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಅವರ ಬಾಗಿಲು ಹಾಕಿಕೊಂಡ ಸದ್ದು ಕೇಳಿದ್ದೇ ಅವನು ಅಡುಗೆಮನೆಗೆ ನನ್ನ ಹಿಂದೆಯೇ ಬಂದು, ದನಿ ತಗ್ಗಿಸಿ, ಎಂದಿನಂತೆ ಬೆನ್ನು ಸವರಿದ.

"ಅಮ್ಮ ಏನೋ ಅಂದ್ಲಾ? ಮನಸ್ಸಿಗೆ ಹಚ್ಕೋಬೇಡ. ನಾನು ಮೇಲೆ ಹೋಗಿ ಅವಳಿಗೆ ತಿಳಿಸಿ ಹೇಳ್ತೀನಿ."

ಅವನ ಕೈಯನ್ನು ಬೆನ್ನಿನಿಂದ ತೆಗೆದೆ. ಮೆಟ್ಟಿಲ ಬುಡಕ್ಕೆ ಹೋಗಿ, ಮದುವೆಯಾಗಿ ಬಂದಾಗಿನಿಂದ ಎತ್ತದಷ್ಟು ಗಟ್ಟಿ ದನಿ ಎತ್ತಿ ಕೂಗಿದೆ.

"ಅತ್ತೇ! ಬಾಗಿಲು ತೆಗೀರಿ. ಇವರು ನಿಮಗೇನೋ ಹೇಳಬೇಕಂತೆ. ನಾನೂ ಮೇಲೆ ಬರ್ತಿದೀನಿ, ಇಬ್ಬರಿಗೂ ಒಟ್ಟಿಗೇ ಹೇಳ್ಲಿ."

ಮೇಲೆ ಬಾಗಿಲು ತೆರೆದುಕೊಂಡಿತು. "ಕಳಿಸು ಅವನನ್ನ!" ಎಂದರು ಅತ್ತೆ.

ನಾನು ಎರಡು ಮೆಟ್ಟಿಲು ಹತ್ತಿ ತಿರುಗಿ ನೋಡಿದೆ. ಅವನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದ. ಒಂದು ಕಣ್ಣು ಮೆಟ್ಟಿಲ ಮೇಲೆ, ಇನ್ನೊಂದು ಬೀದಿ ಬಾಗಿಲ ಮೇಲೆ.